25 ಮೀಟರ್ ದೂರದ ನಂಬರ್ ಪ್ಲೇಟ್

ಊರು ಬಿಟ್ಟು ಬಂದವರ ಮನೆಯಲ್ಲಿ ಒಂದು ಪ್ಲಾಸ್ಟಿಕ್ ಫೋಲ್ಡರ್ ಇದ್ದೇ ಇರುತ್ತದೆ. ಆಧಾರ್, ಹತ್ತನೆಯ ತರಗತಿಯ ಅಂಕಪಟ್ಟಿ, ಬಾಡಿಗೆ ಕರಾರು, ನಾಲ್ಕಾರು ಫೋಟೋ. ಮನೆ ಬದಲಿಸುವಾಗ ಮೊದಲು ಎತ್ತಿಟ್ಟುಕೊಳ್ಳುವುದೂ ಅದನ್ನೇ. ಮುಂಬೈಯ ಲೋಕಲ್ ರೈಲಿನಲ್ಲಿ ಹದಿನಾಲ್ಕು ವರ್ಷ ಓಡಾಡಿದ ನನಗೆ ಡ್ರೈವಿಂಗ್ ಲೈಸೆನ್ಸ್ ಬೇಕಾಗಿರಲಿಲ್ಲ. ಪುಣೆಗೆ ಬಂದ ಮೇಲೆ ಅದಿಲ್ಲದೆ ಆಗದು ಅನ್ನಿಸಿತು. ಮಗಳಿಗೂ 18 ತುಂಬಿತ್ತು. ಇಬ್ಬರೂ ಒಟ್ಟಿಗೇ ಲರ್ನರ್ಸ್ ಲೈಸೆನ್ಸಿಗೆ ಅರ್ಜಿ ಹಾಕುವುದೆಂದಾಯಿತು.

ಪ್ರಾಜೆಕ್ಟ್ ಮ್ಯಾನೇಜರನಿಗೆ ಚೆಕ್‌ಲಿಸ್ಟ್ ಕಂಡರೆ ಉತ್ಸಾಹ. ವಯಸ್ಸಿಗೊಂದು ದಾಖಲೆ, ವಿಳಾಸಕ್ಕೊಂದು ದಾಖಲೆ ಎಂದು ಬರೆದುಕೊಂಡು ಟಿಕ್ ಹಾಕುತ್ತ ಹೋದೆ. ಖಾಸಗಿ ವಾಹನಕ್ಕೆ ಅರ್ಜಿ ಹಾಕುವ ಮಗಳಿಗೆ ಫಾರ್ಮ್ 1 ಸಾಕು. ತನ್ನ ದೇಹಸ್ಥಿತಿಯ ಬಗ್ಗೆ ತಾನೇ ಬರೆದುಕೊಡುವ ಘೋಷಣೆ ಅದು. ನಲವತ್ತು ದಾಟಿದ ನನಗೆ ಅದರ ಜೊತೆ ಫಾರ್ಮ್ 1ಎ, ಅಂದರೆ ವೈದ್ಯರ ಪ್ರಮಾಣಪತ್ರವೂ ಬೇಕಿತ್ತು. ಪರಿಚಯದವರೊಬ್ಬರು ಹೇಳಿದ ಡಾಕ್ಟರ ಬಳಿ ಹೋದೆ. ಅವರು ತಲೆ ಎತ್ತದೆ ಹೆಸರು ಕೇಳಿದರು, ಹಣ ಎಣಿಸಿಕೊಂಡರು, ಸೀಲು ಒತ್ತಿದರು. ಎರಡೇ ನಿಮಿಷ. ಖುಷಿಯಿಂದ ಇನ್ನೊಂದು ಟಿಕ್ ಹಾಕಿದೆ.

ಮಗಳ ಫಾರ್ಮು ಮಾತ್ರ ಮೊದಲ ಪ್ರಶ್ನೆಯಲ್ಲೇ ನಿಂತಿತು. ನಿಮಗೆ ಅಪಸ್ಮಾರ, ಅಥವಾ ಯಾವುದೇ ಕಾರಣದಿಂದ ಇದ್ದಕ್ಕಿದ್ದಂತೆ ಎಚ್ಚರ ತಪ್ಪುವ, ತಲೆಸುತ್ತುವ ತೊಂದರೆ ಇದೆಯೇ? ಅವಳು ಎರಡು ಸಲ ಎಚ್ಚರ ತಪ್ಪಿ ಬಿದ್ದಿದ್ದಾಳೆ. ಒಮ್ಮೆ ಶಾಲೆಯ ಪ್ರಾರ್ಥನೆಯ ಹೊತ್ತಿನಲ್ಲಿ, ಇನ್ನೊಮ್ಮೆ ಕಳೆದ ಬೇಸಿಗೆಯಲ್ಲಿ ಬಸ್ ಸ್ಟಾಪಿನಲ್ಲಿ. ಬಿಸಿಲು, ಖಾಲಿ ಹೊಟ್ಟೆ ಎಂದುಕೊಂಡು ನಿಂಬೆಹಣ್ಣಿನ ಪಾನಕ ಕುಡಿಸಿ ಮರೆತುಬಿಟ್ಟಿದ್ದೆವು.

“ಇಲ್ಲ ಅಂತ ಹಾಕು” ಎಂದೆ.

“ಎರಡ ಸಲ ಬಿದ್ದೇನಲ್ಲ ಅಪ್ಪಾ?”

“ಅದೇನು ರೋಗ ಅಲ್ಲ. ಎಲ್ಲಾರೂ ಇಲ್ಲ ಅಂತನ ಹಾಕ್ತಾರ.”

“ನಿನ್ನ ಕಣ್ಣು ಆ ಡಾಕ್ಟರು ನೋಡಿದ್ರೇನು?”

ನನ್ನ ಬಳಿ ಉತ್ತರವಿರಲಿಲ್ಲ. ನಾನು ಸುಳ್ಳುಗಾರನೆಂದು ಯಾರೂ ಹೇಳಲಾರರು. ಆದರೆ ಫಾರ್ಮಿನಲ್ಲಿ ಬರೆಯುವ ಸುಳ್ಳನ್ನು ನಾನು ಸುಳ್ಳೆಂದೇ ಎಣಿಸಿರಲಿಲ್ಲ. ಅದಕ್ಕೆ ಕಾರಣವೂ ಇದೆ. ಮುಂಬೈಗೆ ಬಂದ ಹೊಸತರಲ್ಲಿ ಮನೆಯ ಮಾಲೀಕರು ಕರಾರು ಬರೆದುಕೊಡಲು ಒಪ್ಪಲಿಲ್ಲ. ಕರಾರಿಲ್ಲದೆ ಗ್ಯಾಸ್ ಇಲ್ಲ, ಬ್ಯಾಂಕ್ ಖಾತೆ ಇಲ್ಲ. ಗೆಳೆಯನ ವಿಳಾಸವನ್ನೇ ನನ್ನದೆಂದು ಬರೆದೆ. ನಮ್ಮಲ್ಲಿ ಅನೇಕರು ಹೀಗೆ ಮಾಡಿದವರೇ. ಕಾಗದ ಎಂದರೆ ದಾಟಬೇಕಾದ ಅಡ್ಡಗೋಡೆ ಎಂಬ ಪಾಠವನ್ನು ಪರಊರು ನಮಗೆ ಬೇಗ ಕಲಿಸುತ್ತದೆ.

ಆದರೆ ಎಲ್ಲ ಪ್ರಶ್ನೆಗಳೂ ಒಂದೇ ಜಾತಿಯವಲ್ಲ. ವಿಳಾಸದ ವಿಷಯ ನನಗೂ ಕಚೇರಿಗೂ ಸಂಬಂಧಿಸಿದ್ದು. ಎಚ್ಚರ ತಪ್ಪುತ್ತದೆಯೇ ಎಂಬ ಪ್ರಶ್ನೆಯನ್ನು ಕಚೇರಿ ತನಗಾಗಿ ಕೇಳುವುದಿಲ್ಲ, ನಾಳೆ ನನ್ನ ಮಗಳ ಗಾಡಿಯ ಮುಂದೆ ರಸ್ತೆ ದಾಟುವ ಯಾರದೋ ಪರವಾಗಿ ಕೇಳುತ್ತದೆ. ಆತ ಈ ಫಾರ್ಮನ್ನು ಎಂದೂ ನೋಡುವುದಿಲ್ಲ. ಆದರೂ ಅದನ್ನು ನಂಬಿಯೇ ಹೆಜ್ಜೆ ಇಡುತ್ತಾನೆ. ದಿನವೂ ರಸ್ತೆ ದಾಟುವಾಗ ನಾವು ನಂಬುವುದೂ ಇಂಥದೇ ಸಾವಿರಾರು ಸಹಿಗಳನ್ನು.

‘ಹೌದು’ ಎಂದು ಬರೆದವರಿಗೆ ನಷ್ಟವೇ ಹೆಚ್ಚು, ನಿಜ. ಸಾರ್ವಜನಿಕರಿಗೆ ಅಪಾಯ ತರಬಹುದಾದ ಕಾಯಿಲೆ ಇದೆಯೆಂದು ಕಂಡರೆ ಲೈಸೆನ್ಸ್ ನಿರಾಕರಿಸಬೇಕೆಂದು 1988ರ ಮೋಟಾರು ವಾಹನ ಕಾಯಿದೆಯೇ ಹೇಳುತ್ತದೆ. ಸತ್ಯ ಹೇಳಿದವಳು ಮನೆಯಲ್ಲಿ ಕೂರಬೇಕು, ಮುಚ್ಚಿಟ್ಟವನು ಗಾಡಿ ಓಡಿಸಬೇಕು ಎಂದರೆ ಅದು ಅನ್ಯಾಯ. ಆದರೆ ಆ ಅನ್ಯಾಯದ ಭಾರವನ್ನು ರಸ್ತೆ ದಾಟುವವನ ತಲೆಗೆ ಹೊರಿಸುವ ಹಕ್ಕು ನನಗೆಲ್ಲಿದೆ?

ಇನ್ನೊಂದು ಮಾತು. ಮಗಳ ವಿಷಯದಲ್ಲಿ ನಿಜವಾದ ಉತ್ತರ ಹೌದೂ ಅಲ್ಲ, ಇಲ್ಲವೂ ಅಲ್ಲ. ‘ಗೊತ್ತಿಲ್ಲ’ ಎಂಬುದೇ ನಿಜ. ಫಾರ್ಮಿನಲ್ಲಿ ಅದಕ್ಕೆ ಜಾಗವಿಲ್ಲ. ತಿಳಿದುಕೊಳ್ಳುವ ದಾರಿ ಇದ್ದೂ ತಿಳಿಯದೆ ‘ಇಲ್ಲ’ ಎಂದು ಸಹಿ ಹಾಕಿದರೆ, ನೋಡದೆ ಸೀಲು ಒತ್ತಿದ ಡಾಕ್ಟರಿಗೂ ನನಗೂ ಏನು ವ್ಯತ್ಯಾಸ?

ಅದೇ ಫಾರ್ಮಿನ ಎರಡನೆಯ ಪ್ರಶ್ನೆ, ಒಳ್ಳೆಯ ಹಗಲು ಬೆಳಕಿನಲ್ಲಿ 25 ಮೀಟರ್ ದೂರದಿಂದ ಒಂದೊಂದು ಕಣ್ಣಿನಿಂದಲೂ ಕಾರಿನ ನಂಬರ್ ಪ್ಲೇಟ್ ಗುರುತಿಸಬಲ್ಲಿರಾ ಎಂಬುದು. ಕನ್ನಡಕ ಇದ್ದರೆ ಹಾಕಿಕೊಳ್ಳಬಹುದು. ಭಾನುವಾರ ಬೆಳಿಗ್ಗೆ ಮಗಳು ನನ್ನನ್ನು ಪಾರ್ಕಿಂಗಿಗೆ ಎಳೆದುಕೊಂಡು ಹೋದಳು. ಟೇಪು ಹಿಡಿದು ಅಳೆದು ನಿಲ್ಲಿಸಿದಳು. ಎಡಗಣ್ಣು ಮುಚ್ಚಿ ಓದಿದೆ, ಸರಿಯಾಯಿತು. ಬಲಗಣ್ಣು ಮುಚ್ಚಿದೆ. ಅಕ್ಷರಗಳು ಕಲಸಿಹೋದವು. 8 ಎಂದು ಓದಿದ್ದು 3 ಆಗಿತ್ತು.

ಸೀಲು ಬಿದ್ದ ಪ್ರಮಾಣಪತ್ರ ಮನೆಯಲ್ಲಿ ಫೋಲ್ಡರಿನೊಳಗೇ ಇತ್ತು. ಅದನ್ನು ಹರಿದು ಹಾಕಿದೆ. ಈಗ ಹೊಸ ಕನ್ನಡಕ ಬಂದಿದೆ. ಈ ಸಲ ನಿಜವಾಗಿ ಪರೀಕ್ಷೆ ಮಾಡುವ ಡಾಕ್ಟರ ಬಳಿ ಹೋಗಬೇಕು. ಮಗಳಿಗೆ ಮುಂದಿನ ವಾರ ನರರೋಗ ತಜ್ಞರ ಭೇಟಿ. ಅವರು ಏನು ಹೇಳುತ್ತಾರೋ ನೋಡಬೇಕು. ಅಲ್ಲಿಯವರೆಗೆ ಅವಳ ಫಾರ್ಮಿನ ಮೊದಲ ಪ್ರಶ್ನೆಯ ಮುಂದೆ ಜಾಗ ಖಾಲಿಯೇ ಇದೆ. ಚೆಕ್‌ಲಿಸ್ಟಿನಲ್ಲಿ ಟಿಕ್ ಇಲ್ಲದ ಸಾಲು ಕಂಡರೆ ನನಗೆ ನಿದ್ದೆ ಬರುವುದಿಲ್ಲ. ಈ ಒಂದು ಸಾಲಿನ ಬಗ್ಗೆ ಮಾತ್ರ ಹಾಗೆ ಅನ್ನಿಸುತ್ತಿಲ್ಲ.