ದುಡಿಮೆ ಯಾವಾಗ ಪಾಠ?

ಮಾಂಟೆಸ್ಸರಿ ಎಂದೊಡನೆ ನೆನಪಾಗುವುದು ಮೂರು ವರ್ಷದ ಮಗು, ಬಣ್ಣದ ಮಣಿಗಳು. ಆದರೆ 1939ರಲ್ಲಿ ಭಾರತಕ್ಕೆ ಬಂದು 1946ರವರೆಗೆ ಇಲ್ಲಿದ್ದ ಮರಿಯಾ ಮಾಂಟೆಸ್ಸರಿ ಹನ್ನೆರಡು ದಾಟಿದವರಿಗೂ ಒಂದು ದಾರಿ ತೋರಿದ್ದರು: ಹೊಲದಲ್ಲಿ ದುಡಿಯಲಿ, ಬೆಳೆದದ್ದನ್ನು ಮಾರಲಿ, ಲೆಕ್ಕ ಬರೆಯಲಿ. ಅವರನ್ನು ‘ಮಣ್ಣಿನ ಮಕ್ಕಳು’ ಎಂದು ಕರೆದರು.

ಹದಿಮೂರರ ಮಗನಿಗೆ ಇಂಥ ಒಂದು ವರ್ಷವನ್ನು ದಾವಣಗೆರೆ ಜಿಲ್ಲೆಯಲ್ಲೇ ಯೋಜಿಸಬಹುದು. ಮುಂಗಾರಿನಲ್ಲಿ ಮಳೆಯನ್ನೇ ನಂಬಿದ ಜಗಳೂರಿನ ಮೆಕ್ಕೆಜೋಳದ ಬಿತ್ತನೆ. ಹೊನ್ನಾಳಿಯಲ್ಲಿ ತುಂಗಭದ್ರೆಯ ನೀರು, ಭತ್ತ. ನ್ಯಾಮತಿಯ ಅಂಗಡಿಗಳಲ್ಲಿ ಬೆಲೆಯ ಏರಿಳಿತ. ಬಳಿಕ ಚನ್ನಗಿರಿಯ ಅಡಿಕೆ ಕೊಯ್ಲು, ಸುಲಿತ.

ಆದರೆ ಅಡಿಕೆ ಸುಲಿಯುವಲ್ಲಿ ಅದೇ ವಯಸ್ಸಿನ ಕೂಲಿಯವರ ಮಗಳೂ ಕುಳಿತಿದ್ದರೆ? ಹದಿನಾಲ್ಕರೊಳಗಿನವರನ್ನು ಕೂಲಿಗೆ ಹಚ್ಚುವುದನ್ನು 2016ರ ತಿದ್ದುಪಡಿ ನಿಷೇಧಿಸಿದೆ. ಮನೆಯವರ ಕಸುಬಿಗೆ ಶಾಲೆಯ ಹೊತ್ತಿನಾಚೆ ವಿನಾಯಿತಿಯಿದೆ. ಕಾನೂನು ಹಾಗಿರಲಿ. ಇಬ್ಬರ ಕೈಯಲ್ಲೂ ಅದೇ ಕತ್ತಿ, ಅದೇ ಕಾಯಿ. ನಮ್ಮ ಮಗ ಬೇಸರವಾದರೆ ಎದ್ದುಹೋಗಬಲ್ಲ, ‘ಏಕೆ’ ಎಂದು ಕೇಳಬಲ್ಲ. ಕೆಲಸ ಕೆಟ್ಟರೂ ಅವನ ಊಟ ತಪ್ಪದು. ಅವನ ದುಡಿಮೆಯನ್ನು ಪಾಠವಾಗಿಸುವುದು ಈ ಸ್ವಾತಂತ್ರ್ಯವೇ ಹೊರತು ಮಣ್ಣಲ್ಲ.

ಇದನ್ನು ಅವನಿಂದ ಮುಚ್ಚಿಟ್ಟರೆ ವರ್ಷವಿಡೀ ಕಲಿತದ್ದು ಬರೀ ಆಟ. ಲೆಕ್ಕದ ಪುಸ್ತಕದಲ್ಲಿ ಅವಳ ಕೂಲಿಯನ್ನೂ, ತಪ್ಪಿದ ಶಾಲೆಯ ದಿನಗಳನ್ನೂ ಅವನು ಬರೆಯಲಿ. ‘ಅವಳು ಶಾಲೆಗೆ ಹೋಗುವಂತಾಗಲು ನೀವೇನು ಮಾಡಿದಿರಿ, ಅಪ್ಪಾ?’ ಎಂದು ಅವನು ಕೇಳುವ ದಿನಕ್ಕೆ ನಾವೂ ಸಿದ್ಧರಾಗಿರಬೇಕು.