ಬಿದ್ದುದನ್ನು ಎತ್ತುವ ಕಾಯಕ



ಲೋಕದಲ್ಲಿ ವಸ್ತುಗಳು ಕೆಡುವುದು ಎರಡು ಬಗೆಯಲ್ಲಿ. ದುಡಿದು ಸವೆಯುವುದು ಒಂದು ಬಗೆ. ಸುಮ್ಮನೆ ಬಿದ್ದು ಹಾಳಾಗುವುದು ಇನ್ನೊಂದು ಬಗೆ. ಉತ್ತು ಉತ್ತು ಸವೆದ ನೇಗಿಲಿನ ಕುಳಕ್ಕಾಗಿ ಯಾರೂ ಮರುಗಬೇಕಾದುದಿಲ್ಲ. ಅದು ತನ್ನ ಕೆಲಸವನ್ನು ಮುಗಿಸಿಕೊಂಡು ಹೋಯಿತು. ಹಿತ್ತಲಿನಲ್ಲಿ ಮಳೆಗೆ ನೆನೆದು ತುಕ್ಕು ಹಿಡಿದ ಕುಳವನ್ನು ಕಂಡಾಗ ಮಾತ್ರ ಮನಸ್ಸು ನೋಯುತ್ತದೆ. ಆ ಕಬ್ಬಿಣವನ್ನು ತಿಂದದ್ದು ದುಡಿಮೆಯಲ್ಲ, ಉಪೇಕ್ಷೆ. ಈ ಮಾತು ಮನುಷ್ಯನ ಬಾಳಿಗೂ ಸಲ್ಲುತ್ತದೆ. ಆದರೆ ಇಂದು ನಾವೆಲ್ಲರೂ ಕಂಡು ಬಳಸಿದ ಒಂದು ಸಾಮಾನ್ಯ ವಸ್ತುವಿನಿಂದಲೇ ಹೊರಡೋಣ. ಅದು ಸೈಕಲ್ಲು.

ನಮ್ಮ ನಾಡಿನ ಯಾವ ಪೇಟೆಯ ಅಂಚಿಗೆ ಹೋದರೂ ಒಂದು ಗುಜರಿ ಅಂಗಡಿ ಕಣ್ಣಿಗೆ ಬೀಳುತ್ತದೆ. ಒಡೆದ ಕೊಡ, ಹರಿದ ತಗಡು, ಮುರಿದ ಕುರ್ಚಿಗಳ ನಡುವೆ ಸೈಕಲ್ಲುಗಳ ರಾಶಿ ಇರುತ್ತದೆ. ಅಜ್ಜನ ಕಾಲದ ಕಪ್ಪು ಬಣ್ಣದ 28 ಇಂಚಿನ ಸೈಕಲ್ಲು ಅಲ್ಲಿರುತ್ತದೆ. ಮೊಮ್ಮಗನು ಒಂದು ವರ್ಷ ಓಡಿಸಿ ಬೇಸತ್ತ ಬಣ್ಣಬಣ್ಣದ ಸೈಕಲ್ಲೂ ಅದರ ಪಕ್ಕದಲ್ಲಿರುತ್ತದೆ. 2006-07ರಲ್ಲಿ ಆರಂಭವಾಗಿ ಹಲವು ವರ್ಷ ನಡೆದ ಸರಕಾರದ ಯೋಜನೆಯಲ್ಲಿ ಎಂಟನೆಯ ತರಗತಿಯ ಮಕ್ಕಳು ಪಡೆದ ಸೈಕಲ್ಲುಗಳೂ ಅಲ್ಲಿಗೆ ಬಂದು ಸೇರಿರುವುದುಂಟು. ಅಂಗಡಿಯವನು ಇವುಗಳಲ್ಲಿ ಭೇದವೆಣಿಸುವುದಿಲ್ಲ. ಎಲ್ಲವನ್ನೂ ತಕ್ಕಡಿಗೆ ಹಾಕುತ್ತಾನೆ. ಕಿಲೋ ಲೆಕ್ಕದಲ್ಲಿ ಕೊಳ್ಳುತ್ತಾನೆ. ತಕ್ಕಡಿಗೆ ಭಾರ ತಿಳಿಯುತ್ತದೆಯೇ ಹೊರತು ಬೆಲೆ ತಿಳಿಯುವುದಿಲ್ಲ.

ಮಠಕ್ಕೆ ಬರುವ ಗೃಹಸ್ಥರೊಬ್ಬರು ತಮ್ಮ ಮನೆಯ ಸಂಗತಿಯೊಂದನ್ನು ಹೇಳಿದರು. ಅವರ ತಂದೆಯವರು ಹಳ್ಳಿಯ ಶಾಲೆಯ ಉಪಾಧ್ಯಾಯರು. ಮೂವತ್ತು ವರ್ಷ ಒಂದೇ ಸೈಕಲ್ಲಿನ ಮೇಲೆ ಊರಿನಿಂದ ಊರಿಗೆ ಹೋಗಿ ಮಕ್ಕಳಿಗೆ ಅಕ್ಷರ ಕಲಿಸಿದವರು. ಪುಸ್ತಕದ ಗಂಟು ಜಾರಬಾರದೆಂದು ಕ್ಯಾರಿಯರಿನ ಹಿಂದೆ ಕಮ್ಮಾರನಿಂದ ಒಂದು ಕಬ್ಬಿಣದ ಪಟ್ಟಿಯನ್ನು ಹಾಕಿಸಿದ್ದರು. ತಂದೆ ಲಿಂಗೈಕ್ಯರಾದ ಮೇಲೆ ಸೈಕಲ್ಲು ಹಿತ್ತಲು ಸೇರಿತು. ಒಂದು ಮಳೆಗಾಲ ಕಳೆಯಿತು, ಎರಡು ಕಳೆಯಿತು. ಮನೆಗೆ ಸುಣ್ಣ ಬಳಿಯುವಾಗ ಅಡ್ಡಿಯಾಯಿತೆಂದು ಮಗ ಅದನ್ನು ಗುಜರಿಗೆ ತೂಗಿಸಿ ಕೊಟ್ಟರು. ಆ ಹಣ ಯಾವುದಕ್ಕೆ ಖರ್ಚಾಯಿತೆಂಬುದು ಅವರಿಗೆ ನೆನಪಿಲ್ಲ. ಈ ಕಥೆಯ ಉಳಿದ ಭಾಗವನ್ನು ಮುಂದೆ ಹೇಳುವೆವು.

ಇಲ್ಲಿ ಕೆಲವರಿಗೆ ಒಂದು ಶಂಕೆ ಬರಬಹುದು: "ಗುಜರಿಗೆ ಹಾಕಿದ ಕಬ್ಬಿಣ ವ್ಯರ್ಥವಾಗುವುದಿಲ್ಲವಲ್ಲ, ಕುಲುಮೆಗೆ ಹೋಗಿ ಮತ್ತೆ ಹೊಸ ಉಕ್ಕಾಗುತ್ತದೆ. ಇದರಲ್ಲಿ ದೋಷವೇನು?" ಮಾತು ಸರಿಯೆ. ಮುರಿದು ಹೋದುದಕ್ಕೆ ಕುಲುಮೆಯೇ ಗತಿ. ಆದರೆ ಉಕ್ಕು ಕರಗಬೇಕಾದರೆ ಸುಮಾರು 1,500 ಡಿಗ್ರಿಯ ಬೆಂಕಿ ಬೇಕು. ಹಾಗೆ ಕರಗಿದಾಗ ಕೊಳವೆಗಳನ್ನು ಬೆಸೆದವನ ದುಡಿಮೆ, ಗಾಲಿ ಕಟ್ಟಿದವನ ದುಡಿಮೆ, ತಿರುಪು ಕೊರೆದವನ ದುಡಿಮೆ ಎಲ್ಲವೂ ಕರಗಿಹೋಗುತ್ತವೆ. ಒಂದು ಬಟ್ಟಲು ಎಣ್ಣೆ, ಎರಡು ಪಾನ, ಒಂದು ದಿನದ ಶ್ರಮ ಇವಿಷ್ಟರಿಂದ ಉಳಿಯುವುದನ್ನು ಬೆಂಕಿಗೆ ಹಾಕುವುದು ವಿವೇಕವಲ್ಲ.

ಅದರಲ್ಲಿಯೂ ಸೈಕಲ್ಲು ಉಳಿಸುವುದಕ್ಕೆ ತಕ್ಕ ವಸ್ತು. 1885ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲೆ ಎಂಬವನು ಹೆಚ್ಚುಕಡಿಮೆ ಸಮನಾದ ಎರಡು ಗಾಲಿಗಳನ್ನಿಟ್ಟು ಹಿಂದಿನ ಗಾಲಿಯನ್ನು ಚೈನಿನಿಂದ ತಿರುಗಿಸುವ ಸೈಕಲ್ಲನ್ನು ಹೊರತಂದನು. 1888ರಲ್ಲಿ ಡನ್‌ಲಪ್ಪನು ಗಾಳಿ ತುಂಬಿದ ಟಯರನ್ನು ಕೂಡಿಸಿದನು. ಅಂದಿನಿಂದ ಇಂದಿನವರೆಗೆ ಅದರ ಮೂಲರೂಪ ಹೆಚ್ಚು ಬದಲಾಗಿಲ್ಲ. ನಮ್ಮ ದೇಶದಲ್ಲಿ 1949ರಲ್ಲಿ ಮದರಾಸಿನ ಟಿ.ಐ. ಸೈಕಲ್ಸ್, 1951ರಲ್ಲಿ ಸೋನೆಪತ್ತಿನ ಅಟ್ಲಾಸ್, 1956ರಲ್ಲಿ ಲೂಧಿಯಾನದ ಹೀರೋ ಕಂಪನಿಗಳು ಹುಟ್ಟಿದವು. 2020ರಲ್ಲಿ ಅಟ್ಲಾಸ್‌ನ ಕಡೆಯ ಕಾರ್ಖಾನೆಯ ಬಾಗಿಲು ಮುಚ್ಚಿತು. ಆದರೂ ಅದರ ಹಳೆಯ ಕಪ್ಪು ಸೈಕಲ್ಲಿಗೆ ಬೇರೊಂದು ಕಂಪನಿಯ ಚೈನು, ಟಯರುಗಳು ಇಂದಿಗೂ ಹೊಂದುತ್ತವೆ. ಹೆತ್ತ ಮನೆ ಮುಚ್ಚಿದರೂ ಬಂಧುಗಳು ಕೈಬಿಟ್ಟಿಲ್ಲ.

ಈಗ ಈ ಕೆಲಸವನ್ನು ಬಲ್ಲವನ ಹಿಂದೆ ಗುಜರಿಗೆ ಹೋಗೋಣ. ಅವನು ಬಣ್ಣವನ್ನು ನೋಡುವುದಿಲ್ಲ. ಮೊದಲು ಚೌಕಟ್ಟನ್ನು ನೋಡುತ್ತಾನೆ. ಹ್ಯಾಂಡಲ್ಲಿನ ಕೆಳಗೆ ಕೊಳವೆಗಳು ಕೂಡುವ ಸಂದಿಯನ್ನು ಬೆರಳಿನಿಂದ ಸವರುತ್ತಾನೆ. ಬಣ್ಣ ಉಬ್ಬಿದ್ದರೆ ಅಥವಾ ಕೂದಲೆಳೆಯಂಥ ಗೆರೆಯಿದ್ದರೆ ಉಪ್ಪುಕಾಗದದಿಂದ ಉಜ್ಜಿ ನೋಡುತ್ತಾನೆ. ತುಕ್ಕು ಮೇಲಿನದೋ ಒಳಗೆ ಇಳಿದದ್ದೋ ಎಂದು ಪರೀಕ್ಷಿಸುತ್ತಾನೆ. ಮೇಲಿನ ತುಕ್ಕು ಉಜ್ಜಿದರೆ ಹೋಗುತ್ತದೆ. ಒಳಗಿನಿಂದ ತಿಂದ ತುಕ್ಕು ತಟ್ಟಿದಾಗಲೇ ಪುಡಿಯಾಗಿ ಉದುರುತ್ತದೆ. ಚೌಕಟ್ಟಿನ ಮೇಲೆ ಒತ್ತಿರುವ ಅಂಕಿಯನ್ನೂ ಅವನು ನೋಡಬೇಕು. ಅದನ್ನು ಯಾರಾದರೂ ಅರದಿಂದ ಉಜ್ಜಿ ಅಳಿಸಿದ್ದರೆ ಆ ಸೈಕಲ್ಲನ್ನು ಮುಟ್ಟಬಾರದು. ಕಳವಿನ ಮಾಲನ್ನು ಎಷ್ಟು ಚೆನ್ನಾಗಿ ದುರಸ್ತಿ ಮಾಡಿದರೂ ಅದು ಕಳವಾಗಿಯೇ ಉಳಿಯುತ್ತದೆ. ಇಷ್ಟನ್ನೂ ನೋಡುವುದಕ್ಕೆ ಅರಿವು ಎಂದು ಹೆಸರು. ಅರಿವಿಲ್ಲದ ಕರುಣೆಯು ರಾಶಿಯನ್ನೆಲ್ಲ ಮನೆಗೆ ಹೊತ್ತು ತರುತ್ತದೆ. ಅರಿವಿಲ್ಲದ ಲೋಭವೂ ಅದನ್ನೇ ಮಾಡುತ್ತದೆ.

ಅರಿವಿನ ಮುಂದಿನ ಮೆಟ್ಟಿಲು ಕಾಯಕ. ಬಿಗಿದುಹೋದ ಪೆಡಲನ್ನು ಬಿಚ್ಚುವುದರಲ್ಲಿಯೇ ಒಂದು ಪಾಠವಿದೆ. ಬಲಗಡೆಯ ಪೆಡಲಿನ ತಿರುಪು ಎಲ್ಲ ತಿರುಪುಗಳಂತೆಯೇ ಬಿಚ್ಚುತ್ತದೆ. ಎಡಗಡೆಯದು ವಿರುದ್ಧ ದಿಕ್ಕಿಗೆ ಬಿಚ್ಚುತ್ತದೆ. ಇದನ್ನು ತಿಳಿಯದವನು ಎಷ್ಟು ಬಲ ಹಾಕುವನೋ ಅಷ್ಟೂ ಅದು ಬಿಗಿಯುತ್ತದೆ. ಕೊನೆಗೆ ತಿರುಪಿನ ಹಲ್ಲು ಕಿತ್ತುಬರುತ್ತದೆ. ತಿಳಿದವನು ರಾತ್ರಿ ಎಣ್ಣೆ ಬಿಟ್ಟು ಬೆಳಗಿನವರೆಗೆ ಕಾಯುತ್ತಾನೆ. ಮನೆಯಲ್ಲಿ ಮಕ್ಕಳನ್ನು ತಿದ್ದುವ ತಂದೆತಾಯಿಗಳು ಈ ಮಾತನ್ನು ನೆನಪಿಡಬೇಕು. ಎಲ್ಲ ಮಕ್ಕಳೂ ಒಂದೇ ದಿಕ್ಕಿಗೆ ತಿರುಗುವುದಿಲ್ಲ.

ಆಮೇಲೆ ಗಾಲಿಯ ಗುಂಬಗಳನ್ನು ಬಿಚ್ಚಬೇಕು. ಒಳಗಿನ ಗುಂಡುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಸವೆದುದನ್ನು ಬೇರ್ಪಡಿಸಿ, ಹೊಸ ಗ್ರೀಸು ತುಂಬಿ ಮತ್ತೆ ಜೋಡಿಸಬೇಕು. ಹಿಂದಿನ ಗಾಲಿಗೆ ಒಂದೊಂದು ಬದಿಗೆ ಒಂಬತ್ತು ಗುಂಡು. ಒಂದು ಕಡಮೆಯಾದರೂ ಗಾಲಿ ಗೊಣಗುತ್ತದೆ. ಇದಾದ ಮೇಲೆ ಕಡ್ಡಿಗಳ ಕೆಲಸ. ಹಳೆಯ ಸೈಕಲ್ಲುಗಳಲ್ಲಿ ಮುಂದಿನ ಗಾಲಿಗೆ 32, ಹಿಂದಿನ ಗಾಲಿಗೆ 40 ಕಡ್ಡಿಗಳು. ಸವಾರನ ಭಾರವನ್ನು ಈ ಕಡ್ಡಿಗಳು ಎತ್ತಿನ ಗಾಡಿಯ ಅರೆಕಾಲುಗಳಂತೆ ಊರಿ ನಿಂತು ಹೊರುವುದಿಲ್ಲ. ಪ್ರತಿಯೊಂದೂ ಗಾಲಿಯ ಬಳೆಯನ್ನು ತನ್ನ ಕಡೆಗೆ ಎಳೆಯುತ್ತದೆ. ಎಲ್ಲರ ಎಳೆತವೂ ಸಮನಾದಾಗ ಗಾಲಿ ನೆಟ್ಟಗೆ ನಿಲ್ಲುತ್ತದೆ. ಒಂದು ಸಡಿಲವಾದರೆ ಬಳೆ ಓರೆಯಾಗುತ್ತದೆ. ಒಂದನ್ನು ಅತಿಯಾಗಿ ಬಿಗಿದರೂ ಓರೆಯಾಗುತ್ತದೆ. ಬೆಂಡು ತೆಗೆಯುವವನು ಗಾಲಿಯನ್ನು ತಿರುಗಿಸಿ, ಕಣ್ಣಿಟ್ಟು ನೋಡಿ, ಕಾಲು ಸುತ್ತು ಬಿಗಿದು ಮತ್ತೆ ತಿರುಗಿಸುತ್ತಾನೆ. ಅರ್ಧ ದಿನ ಹಿಡಿದರೂ ಅವಸರ ಮಾಡುವುದಿಲ್ಲ. ಅವನ ಮನಸ್ಸು ಬೇರೆಲ್ಲಿಗೂ ಹೋಗುವಂತಿಲ್ಲ. ಏಕಾಗ್ರತೆಯನ್ನು ಹುಡುಕಿಕೊಂಡು ಬೆಟ್ಟಕ್ಕೆ ಹೋಗುವವರು ಒಮ್ಮೆ ಈ ಕೈಗಳನ್ನು ನೋಡಬೇಕು.

ಈ ಕಾಯಕಕ್ಕೆ ಒಂದು ದೊಡ್ಡ ಅಪಾಯವುಂಟು. ಅದು ಬಣ್ಣ. ಬಿರುಕು ಬಿಟ್ಟ ಫೋರ್ಕಿನ ಮೇಲೆ ಒಂದು ಕೈ ಬಣ್ಣ ಬಳಿದರೆ ಬಿರುಕು ಕಾಣುವುದಿಲ್ಲ. ಸೈಕಲ್ಲು ಹೊಸದರಂತೆ ಮಿರುಗುತ್ತದೆ, ಒಳ್ಳೆಯ ಬೆಲೆಗೂ ಹೋಗುತ್ತದೆ. ಇಳಿಜಾರಿನಲ್ಲಿ ಆ ಫೋರ್ಕು ಮುರಿದ ದಿನ ಸವಾರನ ಗತಿಯೇನು? ನಾವು ವಿದ್ಯಾರ್ಥಿಗಳಾಗಿದ್ದಾಗ ಅಂತಹ ಒಂದು ಸೈಕಲ್ಲಿನಿಂದ ಬಿದ್ದು ಮುಂಗೈ ಮುರಿದುಕೊಂಡೆವು. ಮಾರಿದವನು ಬಡವನೇ ಆಗಿದ್ದನು. ಬಡತನವು ಆ ಬಣ್ಣವನ್ನು ಪವಿತ್ರ ಮಾಡಲಿಲ್ಲ. ಇದು ಉಳಿಯದು ಎಂದು ಒಪ್ಪಿಕೊಳ್ಳುವ ಧೈರ್ಯವಿಲ್ಲದವನು ಏನನ್ನೂ ಉಳಿಸಲಾರನು. ಚೌಕಟ್ಟು ಮುರಿದಿದ್ದರೆ ಅದು ಕುಲುಮೆಗೇ ಹೋಗಲಿ. ಅದರ ಗಾಲಿ, ಸೀಟು, ಬೆಲ್ಲುಗಳು ಮತ್ತೊಂದಕ್ಕೆ ಸಲ್ಲಲಿ. ಸಾಮಾನ್ಯವಾಗಿ ಕೆಟ್ಟ ಎರಡು ಮೂರು ಸೈಕಲ್ಲುಗಳಿಂದ ಒಂದು ಒಳ್ಳೆಯ ಸೈಕಲ್ಲು ಎದ್ದು ಬರುತ್ತದೆ.

ಎರಡನೆಯ ಅಪಾಯ ಇನ್ನೂ ಸೂಕ್ಷ್ಮವಾದುದು. ಅದನ್ನು ತಿಳಿಯಲು ಶರಣರ ಮನೆಗೆ ಹೋಗಬೇಕು. ಆಯ್ದಕ್ಕಿ ಮಾರಯ್ಯನವರ ಕಾಯಕ ಯಾವುದೆಂದು ನಿಮಗೆಲ್ಲರಿಗೂ ಗೊತ್ತು. ಕಲ್ಯಾಣದಲ್ಲಿ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಕಾಳು ಕಾಳಾಗಿ ಆಯ್ದು ತಂದು ದಾಸೋಹ ನಡೆಸಿದವರು ಅವರು. ಜಗತ್ತು ತುಳಿದು ನಡೆಯುವುದನ್ನು ಬಗ್ಗಿ ಎತ್ತಿಕೊಳ್ಳುವುದು ಎಂಥ ಗೌರವದ ಕಾಯಕವೆಂಬುದಕ್ಕೆ ಅವರೇ ಸಾಕ್ಷಿ. ಆದರೆ ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದರು. ಆಗ ಪತ್ನಿ ಲಕ್ಕಮ್ಮನವರು ಅದನ್ನು ಒಪ್ಪಲಿಲ್ಲ. ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದರೆಂದು ಶರಣಚರಿತೆಗಳು ತಿಳಿಸುತ್ತವೆ. ಬಿದ್ದುದನ್ನು ಎತ್ತುವ ಕೈಗೂ ಆಸೆ ಅಂಟಬಹುದೆಂಬುದನ್ನು ಆ ತಾಯಿ ಕಂಡಿದ್ದರು.

ಹಳೆಯ ಸೈಕಲ್ಲುಗಳನ್ನು ಪ್ರೀತಿಸುವವರಲ್ಲಿಯೂ ಈ ಆಸೆ ಕಾಣುವುದುಂಟು. ಒಂದನ್ನು ತಂದು ದುರಸ್ತಿ ಮಾಡುತ್ತಾರೆ. ಸಂತೋಷವಾಗಿ ಎರಡನೆಯದನ್ನು ತರುತ್ತಾರೆ. ಅದು ಮುಗಿಯುವ ಮೊದಲೇ ಹತ್ತನೆಯದು ಬಂದಿರುತ್ತದೆ. ಕೊಟ್ಟಿಗೆ ತುಂಬುತ್ತದೆ. ಗುಜರಿಯಲ್ಲಿ ತುಕ್ಕು ಹಿಡಿಯುತ್ತಿದ್ದುದು ಈಗ ಮನೆಯಲ್ಲಿ ತುಕ್ಕು ಹಿಡಿಯುತ್ತದೆ. ರಾಶಿಯ ಜಾಗ ಬದಲಾಯಿತೇ ಹೊರತು ಅದರ ಗತಿ ಬದಲಾಗಲಿಲ್ಲ. ಸೈಕಲ್ಲು ಉಳಿಯಿತೆಂದು ಹೇಳಬೇಕಾದರೆ ಅದು ಯಾರದಾದರೂ ಕಾಲಡಿಯಲ್ಲಿ ಓಡಬೇಕು. ಸಲ್ಲಬೇಕಾದವರಿಗೆ ಸಂದಾಗಲೇ ಕಾಯಕ ಪೂರ್ಣವಾಗುತ್ತದೆ. ದಾಸೋಹವೆಂಬ ಮಾತಿನ ತಿರುಳೂ ಇದೇ.

ಇದು ನಮ್ಮ ನಾಡಿನ ಮಾತು ಮಾತ್ರವಲ್ಲ. ದಕ್ಷಿಣ ಅಮೆರಿಕದ ಈಕ್ವೆಡಾರಿನಲ್ಲಿ ಸೇವೆಗೆಂದು ಹೋಗಿದ್ದ ಡೇವಿಡ್ ಶ್ವೈಡನ್‌ಬ್ಯಾಕ್ ಎಂಬ ಅಮೆರಿಕದ ತರುಣನು ಅಲ್ಲಿಯ ಬಡಗಿಯೊಬ್ಬನನ್ನು ನೋಡಿದನು. ಉಳಿದವರು ನಡೆದು ಹೋಗಿ ಕೆಲಸ ಮಾಡುತ್ತಿದ್ದರೆ ಇವನು ಸೈಕಲ್ಲಿನಲ್ಲಿ ಹೋಗಿ ಹೆಚ್ಚು ಕೆಲಸವನ್ನು ಮುಗಿಸಿ ಬರುತ್ತಿದ್ದನು. ಊರಿಗೆ ಮರಳಿದ ಮೇಲೆ ಅಮೆರಿಕದ ಮನೆಗಳ ಮುಂದೆ ಕಸದೊಡನೆ ಎಸೆದಿದ್ದ ಸೈಕಲ್ಲುಗಳನ್ನು ಕಂಡಾಗ ಆ ಬಡಗಿಯ ನೆನಪು ಬಂತು. 1991ರಲ್ಲಿ ನ್ಯೂ ಜರ್ಸಿಯಲ್ಲಿ ಅವನು ಆರಂಭಿಸಿದ ಸಂಸ್ಥೆಯು ಅಂತಹ ಸೈಕಲ್ಲುಗಳನ್ನು ಕೂಡಿಸಿ ಬಡ ದೇಶಗಳ ದುಡಿಯುವವರಿಗೆ ಕಳುಹಿಸತೊಡಗಿತು. ಒಂದು ಬೀದಿಯಲ್ಲಿ ಕಸವಾದುದು ಇನ್ನೊಂದು ಬೀದಿಯಲ್ಲಿ ಕಾಯಕದ ಸಾಧನ. ನಡುವೆ ಬೇಕಾದುದು ಎರಡನ್ನೂ ಕಂಡ ಒಂದು ಕಣ್ಣು.

ಇನ್ನು ನಮ್ಮ ಗೃಹಸ್ಥರ ಕಥೆಗೆ ಬರೋಣ. ಕೆಲವು ತಿಂಗಳ ಮೇಲೆ ಅವರು ಪೇಟೆಗೆ ಹೋಗುತ್ತಿದ್ದಾಗ ಒಬ್ಬ ಗಾರೆ ಕೆಲಸದವನು ಎದುರಿಗೆ ಸೈಕಲ್ಲಿನಲ್ಲಿ ಬಂದನು. ಅವನು ದಾಟಿ ಹೋದ ಮೇಲೆ ತಿರುಗಿ ನೋಡಿದರೆ ಕ್ಯಾರಿಯರಿನ ಹಿಂದೆ ಅದೇ ಕಬ್ಬಿಣದ ಪಟ್ಟಿ. ತಂದೆಯವರ ಪುಸ್ತಕದ ಗಂಟು ಕೂರುತ್ತಿದ್ದಲ್ಲಿ ಕರಣೆ, ಮಟ್ಟಗೋಲುಗಳ ಚೀಲ ಕುಳಿತಿತ್ತು. ಇವರು ವಿಚಾರಿಸುತ್ತ ಹೋಗಿ ಅದನ್ನು ಗುಜರಿಯಿಂದ ಎತ್ತಿ ತಂದು ದುರಸ್ತಿ ಮಾಡಿದ್ದ ಸೈಕಲ್ ಶಾಪಿನ ಮುದುಕನನ್ನು ಕಂಡರು. ಗಾರೆಯವನಿಂದ ಅವನು ಸಾಮಾನಿನ ಖರ್ಚು ಮತ್ತು ಎರಡು ದಿನದ ಕೂಲಿಯನ್ನಷ್ಟೆ, ಅದನ್ನೂ ವಾರವಾರದ ಕಂತಿನಲ್ಲಿ, ತೆಗೆದುಕೊಳ್ಳುತ್ತಿದ್ದನು.

"ಸಾಬರೆ, ಅದು ನಮ್ಮ ತಂದೆಯವರ ಸೈಕಲ್ಲು. ಅವನಿಗೆ ಬೇರೆಯದನ್ನು ಕೊಡಿಸಿ. ಇದಕ್ಕೆ ಮೂರರಷ್ಟು ಹಣ ಕೊಡುತ್ತೇನೆ" ಎಂದು ಇವರು ಕೇಳಿಕೊಂಡರು.

ಮುದುಕನು ಕೈ ಒರೆಸಿಕೊಂಡು ಹೇಳಿದನು: "ಗೌಡರೆ, ನೀವು ಮಾರಿದ್ದು ಕಬ್ಬಿಣ. ಅವನು ಕೊಂಡದ್ದು ಸೈಕಲ್ಲು. ನಿಮಗೆ ಕಬ್ಬಿಣ ಬೇಕಿದ್ದರೆ ಗುಜರಿಯಲ್ಲಿ ಇನ್ನೂ ಇದೆ."

ಗೃಹಸ್ಥರು ಮಾತಾಡದೆ ಮನೆಗೆ ಬಂದರು. "ಬುದ್ಧಿ, ಆ ದಿನ ತಂದೆಯನ್ನೇ ತಕ್ಕಡಿಗೆ ಹಾಕಿದೆನೆಂದು ಅನ್ನಿಸಿತು" ಎಂದು ನಮ್ಮೆದುರು ಕಣ್ಣೀರಿಟ್ಟರು. ಮಗ ಶಾಲೆಯಿಂದ ತಂದ ಸೈಕಲ್ಲೊಂದು ಅವರ ಅಟ್ಟದ ಕೆಳಗೆ ಚೈನು ಹರಿದು ಬಿದ್ದಿತ್ತು. ಮರುದಿನ ಅದನ್ನು ತಾವೇ ತಳ್ಳಿಕೊಂಡು ಹೋಗಿ ಆ ಮುದುಕನ ಶಾಪಿನಲ್ಲಿ ಬಿಟ್ಟು, ಯಾರಿಗೆ ಬೇಕೋ ಅವರಿಗೆ ಕೊಡಿರೆಂದು ಹೇಳಿ ಬಂದರು. ಬೆಲೆಯ ಮಾತನ್ನು ಎತ್ತಲಿಲ್ಲ. ನಾವು ಅವರಿಗೆ ಬೇರೆ ಪ್ರಾಯಶ್ಚಿತ್ತವನ್ನು ವಿಧಿಸಲಿಲ್ಲ.

ಸದ್ಭಕ್ತರೆ, ಈ ಸಂಚಿಕೆಯನ್ನು ಓದಿ ಮುಗಿಸಿದ ಮೇಲೆ ನಿಮ್ಮ ಹಿತ್ತಲಿಗೆ, ಅಟ್ಟಕ್ಕೆ, ಮಹಡಿಗೆ ಒಮ್ಮೆ ಹೋಗಿ ನೋಡಿ. ಅಲ್ಲಿ ಬಿದ್ದಿರುವ ಸೈಕಲ್ಲು ಇನ್ನೊಂದು ಮಳೆಗಾಲವನ್ನು ಕಾಣದಿರಲಿ. ದುರಸ್ತಿ ಬಲ್ಲವರು ಮಾಡಿರಿ. ಅರಿಯದವರು ಬಲ್ಲವನ ಕೈಗೆ ಕೊಟ್ಟು ಅವನ ಕೂಲಿಯನ್ನು ಚೌಕಾಸಿ ಇಲ್ಲದೆ ಸಲ್ಲಿಸಿರಿ. ಕೊಡುವಾಗ ಬಿರುಕನ್ನು ಮುಚ್ಚಬೇಡಿರಿ. ಕೊಟ್ಟ ಮೇಲೆ ಮರಳಿ ಬಯಸಬೇಡಿರಿ.

ಹಿತ್ತಲಿನಿಂದ ಒಳಗೆ ಬರುವಾಗ ಮನೆಯ ಮೂಲೆಯನ್ನೂ ನೋಡಿರಿ. ಕೆಲಸಕ್ಕೆ ಬಾರದವನೆಂದು ಎಲ್ಲರೂ ಮಾತು ಬಿಟ್ಟ ಹಿರಿಯರೋ, ಪರೀಕ್ಷೆಯಲ್ಲಿ ಬಿದ್ದ ಹುಡುಗನೋ, ತವರಿಗೆ ಮರಳಿದ ಮಗಳೋ ಅಲ್ಲಿ ಕುಳಿತಿರಬಹುದು. ಅವರನ್ನು ಯಾವ ತಕ್ಕಡಿಯಲ್ಲಿ ತೂಗಿದ್ದೀರೆಂದು ನಿಮ್ಮನ್ನೇ ಕೇಳಿಕೊಳ್ಳಿರಿ.