ಆಟದಲ್ಲಿ ಬಲಾಬಲ ವಿಚಾರ

ವೀಡಿಯೋ ಆಟವೆಂದೊಡನೆ ಬಾಲಕರ ಕಾಲಹರಣವೆಂದು ಹಿರಿಯರು ಮುಖ ತಿರುಗಿಸುವುದುಂಟು. ಆದರೆ ಕಲ್ಪಿತಲೋಕದಲ್ಲಿ ಯೋಧನೋ ಮಾಂತ್ರಿಕನೋ ಆಗಿ ಸಂಚರಿಸತಕ್ಕ ಆಟಗಳಲ್ಲಿ ಧರ್ಮಜಿಜ್ಞಾಸೆಗೆ ಯೋಗ್ಯವಾದ ಪ್ರಶ್ನೆಯೊಂದು ಅಡಗಿರುವುದು. ಭಿನ್ನಶಕ್ತಿಯುಳ್ಳವರಿಗೆ ಸಮನಾದ ನ್ಯಾಯವನ್ನು ಒದಗಿಸುವುದೆಂತು?

ಈ ಪದ್ಧತಿಗೆ ಮೂಲವು 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬವರು ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ, ಕಾಗದ ಮತ್ತು ದಾಳಗಳಿಂದ ಆಡುವ ಆಟ. ಅದರಲ್ಲಿ ಯೋಧ, ಮಾಂತ್ರಿಕ, ಪುರೋಹಿತ ಎಂದು ಮೂರೇ ವರ್ಗಗಳು. ಕಳ್ಳನು ಮರುವರ್ಷ ಬಂದು ಸೇರಿದನು. ಆ ನಿಯಮಗಳ ಪರಿಷ್ಕೃತ ರೂಪವನ್ನೇ 1998ರ ‘ಬಾಲ್ಡರ್ಸ್ ಗೇಟ್’ ಎಂಬ ಕಂಪ್ಯೂಟರ್ ಆಟವು ಅನುಸರಿಸಿತು. ಯೋಧನ ಪ್ರಾಣಬಲವನ್ನು ನಿರ್ಣಯಿಸುವುದು ಹತ್ತು ಮುಖಗಳ ದಾಳ. ಮಾಂತ್ರಿಕನದನ್ನು ನಾಲ್ಕು ಮುಖಗಳದು. ಎರಡನೆಯ ಮೆಟ್ಟಲೇರಲು ಯೋಧನು 2000 ಅನುಭವಾಂಕಗಳನ್ನು ಗಳಿಸಬೇಕು, ಮಾಂತ್ರಿಕನು 2500. ಕಳ್ಳನಿಗೆ 1250 ಸಾಕು. (ಚೌರ್ಯವಿದ್ಯೆ ಬೇಗ ಕೈಹತ್ತುವುದೆಂಬ ಲೋಕಾನುಭವವು ಅಲ್ಲಿಯೂ ಸುಳ್ಳಾಗಿಲ್ಲ!) ಮೊದಮೊದಲು ಮಾಂತ್ರಿಕನಿಗಿರುವುದು, ನಿದ್ರಿಸಿ ಎದ್ದಲ್ಲದೆ ಮತ್ತೆ ಪ್ರಯೋಗಿಸಲಾಗದ ಒಂದೇ ಮಂತ್ರ. ಅದು ತೀರಿದರೆ ಯೋಧನ ಬೆನ್ನೇ ಗತಿ. ಬಹುಕಾಲದ ಮೇಲಾದರೋ ಅವನ ಒಂದು ಮಂತ್ರವು ಯೋಧನ ಹತ್ತಾರು ಪೆಟ್ಟುಗಳನ್ನು ಮೀರುವುದು.

ಮೊದಲಿನ ಕೊರತೆಯನ್ನು ಕೊನೆಯ ಹೆಚ್ಚಳವು ತುಂಬಿತಲ್ಲ, ಲೆಕ್ಕ ಸರಿಯಾಯಿತಲ್ಲ ಎಂದು ಪೂರ್ವಪಕ್ಷ. ಒಬ್ಬನೇ ಕುಳಿತು ಆರು ಮಂದಿಯ ತಂಡವನ್ನು ನಡೆಸುವಾಗ ಇದು ಒಪ್ಪತಕ್ಕುದೇ. ಬಲಗೈಯ ಮೇಲೆ ಎಡಗೈಗೆ ಮತ್ಸರವೆಲ್ಲಿಯದು? ಆದರೆ 2004ರಲ್ಲಿ ಪ್ರಕಟವಾದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ನಂತಹ ಆಟದಲ್ಲಿ ಪ್ರತಿಯೊಂದು ಪಾತ್ರದ ಹಿಂದೆಯೂ ಒಬ್ಬೊಬ್ಬ ಮನುಷ್ಯನಿರುವನು. ಅಲ್ಲಿ ಇದೇ ಲೆಕ್ಕವನ್ನಿಟ್ಟರೆ, ನಡುವೆ ಆಟ ಬಿಟ್ಟ ಮಾಂತ್ರಿಕನಿಗೆ ದಕ್ಕುವುದು ಅಡಗಿ ಕುಳಿತ ನೆನಪೊಂದೇ; ಅವನನ್ನು ಕಾಪಾಡಿದ ಯೋಧನಿಗೆ ಕೊನೆಗೆ ಉಳಿಯುವುದು ಮೂಟೆ ಹೊರುವ ಕೆಲಸ. ಮೊತ್ತವು ಸರಿಯಿದ್ದರೂ ಇಬ್ಬರಿಗೂ ಅನ್ಯಾಯವಾಯಿತು. ಆದುದರಿಂದ ಒಟ್ಟು ಬಲದ ಸಾಮ್ಯಕ್ಕಿಂತ, ಪ್ರತಿಯೊಂದು ಸಂಕಟದ ಗಳಿಗೆಯಲ್ಲಿಯೂ ಪ್ರತಿಯೊಬ್ಬನಿಗೆ ತನ್ನಿಂದಲೇ ಆಗತಕ್ಕ ಕಾರ್ಯವೊಂದಿರುವುದೇ ನ್ಯಾಯವೆಂದು ನನ್ನ ಮತ.

ಎಲ್ಲರಿಗೂ ಎಲ್ಲವನ್ನೂ ಕೊಟ್ಟರಾಗದೆ ಎನ್ನುವವರೂ ಉಂಟು. ಅದೇ ಆಟದಲ್ಲಿ ಪ್ಯಾಲಡಿನ್ ಎಂಬ ಧರ್ಮಯೋಧನು ಮೊದಲು ಅಲಯನ್ಸ್ ಪಕ್ಷಕ್ಕೂ, ಶಾಮನ್ ಎಂಬ ಭೂತಶಕ್ತಿಗಳ ಉಪಾಸಕನು ಹೋರ್ಡ್ ಪಕ್ಷಕ್ಕೂ ಮಾತ್ರ ಮೀಸಲು. 2007ರಲ್ಲಿ ಎರಡು ವರ್ಗಗಳನ್ನೂ ಉಭಯ ಪಕ್ಷಗಳಿಗೆ ತೆರೆದರು. ಯಾರಿಗೆ ಹೆಚ್ಚು ಸಿಕ್ಕಿತೆಂಬ ಕಲಹಕ್ಕೆ ಎಡೆ ತಪ್ಪಿತು, ನಿಜ. ಆದರೆ ರಣದಲ್ಲಿ ಎದುರಾದ ಶತ್ರುವಿನ ಬಳಿ ತನಗೆಂದೂ ದೊರೆಯದ ವಿದ್ಯೆಯೊಂದಿದೆಯೆಂಬ ಬೆರಗು ಅಂದಿನಿಂದ ಅಷ್ಟು ಕುಂದಿತು. ಆ ಬೆರಗಿಗಾಗಿ ಕಲಹವನ್ನು ಸಹಿಸಬಹುದಿತ್ತೆಂದೇ ನನಗೆ ತೋರುವುದು. ಸೋತವರು ಹೀಗೆ ಒಪ್ಪುವರೋ ಇಲ್ಲವೋ, ಅದು ಬೇರೆ.